ನರ್ಸಮ್ಮನ ಪರವಾಗಿ ಒಂದು ನಾಟಕ

ಶಂಕರಿ ನರ್ಸಮ್ಮನನ್ನು ಘಟ್ಟದ ಮೇಲಿನ ಯಾವುದೋ ಊರಿಗೆ ವರ್ಗ ಮಾಡಿದ್ದಾರೆ, ಶಿವರಾತ್ರಿ ಕಳೆದ ಕೂಡಲೇ ಹೋಗಬೇಕಂತೆ ಎಂಬ ಸುದ್ದಿ ವೇಣೂರಿಗೆ ಬಂದಾಗ ನನ್ನ ಹೆಂಡತಿ ಯಶೋಧಾಳಿಗೆ ಐದು ತಿಂಗಳು. ಊರಿಗೆ ಅದು ಬರೀ ಸುದ್ದಿ. ನಮ್ಮ ಮನೆಯಲ್ಲಿ ಮಾತ್ರ ಆ ದಿನ ಯಾರಿಗೂ ಊಟ ಸೇರಲಿಲ್ಲ. ನಮ್ಮ ಮೊದಲ ಮಗು ನರ್ಸಮ್ಮ ಈ ಊರಿಗೆ ಬರುವುದಕ್ಕೆ ಮೊದಲೇ ಹುಟ್ಟಿ, ಹುಟ್ಟಿದ ದಿನವೇ ಹೋಗಿತ್ತು. ಯಶೋಧಾ ಅದನ್ನು ಎತ್ತಿ ಆಡುವವಳಲ್ಲ. ವರ್ಗದ ವಿಷಯ ಕೇಳಿ ಅವಳು ಅಂದದ್ದು ಇಷ್ಟೆ:

"ನರ್ಸಮ್ಮ ಇಲ್ಲದಿದ್ದರೆ ನನಗೆ ಧೈರ್ಯ ಇಲ್ಲ."

ಆದ್ದರಿಂದ ನಾನು ನರ್ಸಮ್ಮನ ಪರವಾಗಿ ಓಡಾಡಿದ್ದು ಲೋಕಸೇವೆಗೆಂದು ಯಾರೂ ತಿಳಿಯಬಾರದು. ನನಗೆ ಬೇಕಾದದ್ದು ಚೈತ್ರ ಮುಗಿಯುವ ತನಕ ಅವರು ವೇಣೂರಿನಲ್ಲಿರುವುದು. ಉಳಿದದ್ದೆಲ್ಲ ಅದರ ಜೊತೆಯಲ್ಲಿ ತಾನಾಗಿ ಬಂದದ್ದು.

ನರ್ಸಮ್ಮ ಬಂಟ್ವಾಳದ ಹತ್ತಿರ ನರಿಕೊಂಬಿನವರು. ಚಿಕ್ಕ ಪ್ರಾಯದಲ್ಲೇ ಗಂಡ ತೀರಿಕೊಂಡ ಮೇಲೆ ಮಂಗಳೂರಿಗೆ ಹೋಗಿ ಹೆರಿಗೆಯ ಕೆಲಸ ಕಲಿತು, ಸರಕಾರದ ಸಂಬಳಕ್ಕೆ ಸೇರಿ ನಮ್ಮಲ್ಲಿಗೆ ಬಂದಿದ್ದರು. ಬಿಳಿ ಸೀರೆ, ಕಪ್ಪು ಕೊಡೆ, ಕೈಯಲ್ಲಿ ತಗಡಿನ ಪೆಟ್ಟಿಗೆ. ಕರೆದರೆ ಬಾರದೆ ಇದ್ದದ್ದಿಲ್ಲ, ಬಂದು ಬೈಯದೆ ಹೋದದ್ದೂ ಇಲ್ಲ. ನೀರು ಕಾಯಲಿಲ್ಲ ಎಂದು ಬೈಗುಳ, ಬಟ್ಟೆ ಒಗೆದಿಲ್ಲ ಎಂದು ಬೈಗುಳ. ಹೆರಿಗೆ ಆಗುವ ತನಕ ಗಂಡನಿಗೆ, ಆದ ಮೇಲೆ ಅತ್ತೆಗೆ. ಊರಿನಲ್ಲಿ ಅವರಿಗೆ ಗೌರವ ಇತ್ತು. ಪ್ರೀತಿ ಇತ್ತು ಎಂದು ಆಗ ಯಾರಾದರೂ ಹೇಳಿದ್ದರೆ ಊರವರೇ ನಂಬುತ್ತಿರಲಿಲ್ಲ.

ವರ್ಗಕ್ಕೆ ಕಾರಣ ಜಯವರ್ಮ ಬಲ್ಲಾಳರು. ನಮ್ಮಲ್ಲಿ ಅರ್ಧ ಬಯಲು ಅವರದು, ಉಳಿದ ಅರ್ಧದವರೂ ಅವರ ಮಾತು ಮೀರುವುದಿಲ್ಲ. ಅವರ ಸೊಸೆಯ ಹೆರಿಗೆಯ ದಿನ ಮೂಡಬಿದಿರೆಯಿಂದ ಜೋಯಿಸರನ್ನು ಕರೆಸಿ, ಹುಟ್ಟಿದ ಗಳಿಗೆ ತಪ್ಪಬಾರದೆಂದು ಕೋಣೆಯ ಬಾಗಿಲಲ್ಲೇ ಕೂರಿಸಿ, ತಾವೂ ಪಕ್ಕದಲ್ಲಿ ನಿಂತಿದ್ದರು. ನರ್ಸಮ್ಮ ಬಂದವರು ಮೊದಲು ಜೋಯಿಸರನ್ನು ಎಬ್ಬಿಸಿದರು. ಆಮೇಲೆ ಬಲ್ಲಾಳರ ಕಡೆಗೆ ತಿರುಗಿ "ಪಿದಾಯಿ ಪೋಲೆ" ಅಂದರು. ತುಳುವಿನಲ್ಲಿ ಅದಕ್ಕೆ ಹೊರಗೆ ನಡೆಯಿರಿ ಎಂದರ್ಥ. ಗೇಣಿಯ ಅಕ್ಕಿ ತಂದ ಒಕ್ಕಲುಗಳು ಅಂಗಳದಲ್ಲಿ ನಿಂತು ಕೇಳಿಸಿಕೊಂಡರು. ಮೊಮ್ಮಗ ಸುಖವಾಗಿ ಹುಟ್ಟಿದ. ಬಲ್ಲಾಳರು ಅದೇ ವಾರ ಮೇಲಿನವರಿಗೆ ದೂರು ಬರೆಸಿದರು. ತಾಲೂಕು ಬೋರ್ಡಿಗೆ ಚುನಾವಣೆ ಬರುವುದಿತ್ತು, ಅವರು ನಿಲ್ಲುವವರಿದ್ದರು. ಹೆರಿಗೆ ಮಾಡಿಸುವ ಹೆಂಗಸು ಹೊರಗೆ ಹಾಕಿದ ಮನುಷ್ಯನಿಗೆ ಓಟು ಯಾರು ಹಾಕುತ್ತಾರೆ ಎಂಬ ಚಿಂತೆ ಅವರಿಗೆ ಹತ್ತಿದ್ದರಲ್ಲಿ ಆಶ್ಚರ್ಯವಿಲ್ಲ.

ನರ್ಸಮ್ಮನ ಬಗ್ಗೆ ಜನರಿಗೆ ಅನುಕಂಪ ಹುಟ್ಟಿಸುವ ಮೊದಲ ಪ್ರಯತ್ನ ಅದಕ್ಕೂ ಒಂದು ವರ್ಷ ಹಿಂದೆಯೇ ನಡೆದು ಮುಗಿದಿತ್ತು. ಶಾಲೆಯ ಕೇಶವಪ್ರಸಾದ ಮಾಸ್ಟ್ರು ಅವರನ್ನು ಮನಸ್ಸಿನಲ್ಲಿಟ್ಟುಕೊಂಡು 'ಶುಶ್ರೂಷಾ ಸುಮ' ಎಂಬ ಕಾದಂಬರಿ ಬರೆದು ಮೂಡಬಿದಿರೆಯಲ್ಲಿ ಅಚ್ಚು ಹಾಕಿಸಿದ್ದರು. ಅದರ ನಾಯಕಿ ಪ್ರತಿ ಅಧ್ಯಾಯದ ಕೊನೆಗೆ ಅಳುತ್ತಿದ್ದಳು, ಕೆಲವು ಅಧ್ಯಾಯಗಳಲ್ಲಿ ಮೊದಲಿಗೂ. ಪುಸ್ತಕ ಮಾರಾಟಕ್ಕಿದ್ದದ್ದು ನನ್ನ ಅಂಗಡಿಯಲ್ಲಿ, ಬಟ್ಟೆ, ಸ್ಲೇಟು, ಪಠ್ಯಪುಸ್ತಕಗಳ ಪಕ್ಕದಲ್ಲಿ. ಎಲ್ಲರ ಮಕ್ಕಳಿಗೂ ಪಾಠ ಹೇಳಿದ ಮಾಸ್ಟ್ರು, ತೆಗೆದುಕೊಳ್ಳದಿದ್ದರೆ ಆದೀತೆ? ಪುಸ್ತಕ ಖರ್ಚಾಯಿತು. ಓದಿದವರು ಸಿಗಲಿಲ್ಲ. ಕಾಳುಮೆಣಸಿನ ವ್ಯಾಪಾರದ ಸುಲೈಮಾನ್ ಬ್ಯಾರಿ ಒಮ್ಮೆ ಅಂಗಡಿಯಲ್ಲಿ ಮಾಸ್ಟ್ರು ಸಿಕ್ಕಾಗ ಬಹಳ ಗೌರವದಿಂದ ಹೇಳಿದ:

"ನಿಮ್ಮ ಪುಸ್ತಕ ಮನೆಯಲ್ಲಿ ಜೋಪಾನ ಇಟ್ಟಿದ್ದೇನೆ ಮಾಸ್ಟ್ರೆ. ಯಾರಿಗೂ ಮುಟ್ಲಿಕ್ಕೆ ಬಿಡುವುದಿಲ್ಲ."

ಎರಡನೆಯ ಪ್ರಯತ್ನ ನನ್ನದು, ಅದು ರಾಜಕೀಯದ್ದು. ನರ್ಸಮ್ಮನನ್ನು ಉಳಿಸಿಕೊಡಬೇಕೆಂದು ಮನವಿ ಬರೆದು ಮನೆಮನೆಗೆ ಹೋದೆ. ಒಬ್ಬರೂ ಇಲ್ಲ ಎನ್ನಲಿಲ್ಲ. ಕೂತುಕೊಳ್ಳಿ ಎಂದು ಬೆಲ್ಲ ನೀರು ಕೊಟ್ಟು ಸಹಿ ಹಾಕಿದರು, ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿದರು. ಇಷ್ಟು ಜನಬೆಂಬಲ ಇದೆಯೆಂದು ನನಗೇ ಗೊತ್ತಿರಲಿಲ್ಲ. ಬೆಳ್ತಂಗಡಿಗೆ ಹೋಗಿ ಕಾಗದವನ್ನು ಅಧಿಕಾರಿಯ ಮುಂದೆ ಇಟ್ಟೆ. ಅವರು ಒಳ್ಳೆಯವರು. ಬಲ್ಲಾಳರ ದೂರನ್ನು ತರಿಸಿ ನನ್ನ ಮನವಿಯ ಪಕ್ಕದಲ್ಲಿ ಇಟ್ಟರು. ಅಲ್ಲಿದ್ದ ಹೆಸರುಗಳೇ ಇಲ್ಲಿಯೂ ಇದ್ದವು. ನನ್ನದರಲ್ಲಿ ಎಲ್ಲರಿಗಿಂತ ಮೇಲೆ ಇದ್ದ ಸುಲೈಮಾನ್ ಅದರಲ್ಲಿಯೂ ಮೇಲೆಯೇ ಇದ್ದ.

"ನಿಮ್ಮ ಊರಿನವರಿಗೆ ನರ್ಸ್ ಬೇಕೋ ಬೇಡವೋ?" ಎಂದು ಅಧಿಕಾರಿ ಕೇಳಿದರು.

ನಮ್ಮ ಕಡೆ ಸಹಿ ಕೇಳಿಕೊಂಡು ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವ ಕ್ರಮ ಇಲ್ಲ ಎಂದು ಅವರಿಗೆ ಹೇಗೆ ಹೇಳುವುದು? ಊರಿಗೆ ಬಂದು ಸುಲೈಮಾನನನ್ನು ಹಿಡಿದುಕೊಂಡೆ. ಅವನಿಗೆ ನಾಚಿಕೆ ಎಂತದ್ದೂ ಆಗಲಿಲ್ಲ.

"ಬಲ್ಲಾಳ್ರು ಕೇಳಿದ್ರು, ಹಾಕಿದೆ. ನೀವು ಕೇಳಿದ್ರಿ, ಹಾಕಿದೆ. ನನ್ನ ಮನಸ್ಸು ಎಲ್ಲಿ ಉಂಟು ಅಂತ ನೀವಿಬ್ರೂ ಕೇಳಲಿಲ್ಲ ಚಂದ್ರರಾಜಣ್ಣ."

ಮನಸ್ಸು ಎಲ್ಲಿದೆ ಎಂದು ಕೇಳಿದೆ. ಅವನ ಹೆಂಡತಿ ಖದೀಜಳ ಮೂರೂ ಹೆರಿಗೆ ಮಾಡಿಸಿದವರು ನರ್ಸಮ್ಮ, ಮನಸ್ಸು ಅವರ ಕಡೆಗೇ. ಆದರೆ ಹಾಗೆಂದು ಬಾಯಿಬಿಟ್ಟು ಹೇಳಲು ಎಲ್ಲರೂ ಹೇಳಬೇಕಲ್ಲ, ಒಬ್ಬನೇ ಹೇಳಿದರೆ ಬಲ್ಲಾಳರ ಎದುರು ಹೋದ ಹಾಗಾಗುವುದಿಲ್ಲವೇ ಎಂದ. ಅಷ್ಟರಲ್ಲಿ ಊರಿನ ಸ್ಥಿತಿ ನನಗೆ ಅರ್ಥವಾಯಿತು. ಎಲ್ಲರೂ ಇನ್ನೊಬ್ಬರು ಮೊದಲು ಬಾಯಿ ತೆರೆಯಲಿ ಎಂದು ಕಾಯುತ್ತಿದ್ದರು.

ಮೂರನೆಯ ಪ್ರಯತ್ನವೇ ನಾಟಕ. ಅದು ಮಾಸ್ಟ್ರ ಯೋಚನೆ. ಓದಿದರೆ ಬಾರದ ಕಣ್ಣೀರು ನೋಡಿದರೆ ಬರುತ್ತದೆ ಎಂಬುದು ಅವರ ವಾದ. ಕಾದಂಬರಿಯನ್ನೇ ನಾಟಕಕ್ಕೆ ಇಳಿಸಿ, ಶಾಲೆಯ ವಾರ್ಷಿಕೋತ್ಸವದ ದಿನ ಆಡುವುದೆಂದು ನಿಶ್ಚಯವಾಯಿತು. ವೇಣೂರಿನಲ್ಲಿ ರಂಗಸ್ಥಳದ ಹಲಗೆ, ಕುರ್ಚಿ ಬರಬೇಕಾದರೆ ಬಲ್ಲಾಳರ ಮನೆಯಿಂದಲೇ ಬರಬೇಕು. ಆದ್ದರಿಂದ ಅವರೇ ಸಭಾಧ್ಯಕ್ಷರು. ನಾಟಕದ ವಿಷಯ ಎಂತದ್ದು ಎಂದು ಅವರು ಕೇಳಿದಾಗ ಮಾಸ್ಟ್ರು "ಸೇವೆ" ಎಂದರು. ಚುನಾವಣೆಗೆ ನಿಂತ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ವಿಷಯ ಬೇಕೇ? ವೇಷಭೂಷಣ ಮೂಡಬಿದಿರೆಯಿಂದ ಬಂತು, ಪರದೆ ಬಂಟ್ವಾಳದಿಂದ. ಪರದೆಯಲ್ಲಿ ಇದ್ದದ್ದು ಅರಮನೆಯ ಚಿತ್ರ. ಹೀಗಾಗಿ ನಮ್ಮ ನಾಟಕದಲ್ಲಿ ಬಡವರೂ ಅರಮನೆಯಲ್ಲೇ ಹೆತ್ತರು.

ನರ್ಸ್ ಪಾತ್ರಕ್ಕೆ ಧರ್ಣಪ್ಪ. ಮೂಡಬಿದಿರೆಗೂ ಬೆಳ್ತಂಗಡಿಗೂ ಓಡುವ ಬಸ್ಸಿನ ಕಂಡಕ್ಟರ್ ಅವನು, ಹೆಣ್ಣುವೇಷಕ್ಕೆ ಸುತ್ತಿನಲ್ಲಿ ಅವನಿಗೆ ಸಮ ಇರಲಿಲ್ಲ. ಮನೆಯ ಯಜಮಾನನ ಪಾತ್ರಕ್ಕೆ ಯಾರೂ ಒಪ್ಪಲಿಲ್ಲ, ಕಾರಣರಾದ ಬಲ್ಲಾಳರು ಮುಂದಿನ ಸಾಲಿನಲ್ಲೇ ಕೂತಿರುವವರಿದ್ದರು. ಕೊನೆಗೆ ಸುಲೈಮಾನನನ್ನು ಕೇಳಿದೆವು. ಕೇಳಿದವರಿಗೆ ಅವನು ಇಲ್ಲ ಅನ್ನುವುದಿಲ್ಲವಲ್ಲ. ನಾನು ಪರದೆಯ ಬದಿಯಲ್ಲಿ ನಿಂತು ಮಾತು ಮರೆತವರಿಗೆ ಎತ್ತಿಕೊಡುವವನು.

ನಮ್ಮ ಕಡೆಯ ನಾಟಕಗಳಲ್ಲಿ ಆಗ ಒಂದು ಕ್ರಮ ಇತ್ತು. ರಾಜ, ರಾಣಿ, ದೇಶಭಕ್ತ, ಪತಿವ್ರತೆ ಇವರೆಲ್ಲ ಕನ್ನಡ ಮಾತಾಡಬೇಕು. ಆಳು, ಹಾಸ್ಯಗಾರ, ಕುಡುಕ ಇವರಿಗೆ ತುಳು. ಮನೆಯಲ್ಲಿ ಎಲ್ಲರೂ ಆಡುವುದು ತುಳುವೇ ಆದರೂ, ದೊಡ್ಡ ಗುಣ ಇರುವ ಪಾತ್ರದ ಬಾಯಲ್ಲಿ ಅದನ್ನು ಹಾಕಿದರೆ ಗುಣ ಕಡಿಮೆಯಾದೀತೆಂದು ಹೆದರಿಕೆ. ಮಾಸ್ಟ್ರು ನರ್ಸಮ್ಮನ ಮೇಲಿನ ಗೌರವದಿಂದ ಆ ಪಾತ್ರಕ್ಕೆ ಎಲ್ಲಕ್ಕಿಂತ ಬಿಗಿಯಾದ ಕನ್ನಡ ಬರೆದಿದ್ದರು.

ಊರಿನಲ್ಲಿ ಬಹಳವಿದ್ದ ಜೈನರ ಊಟ ಸೂರ್ಯಾಸ್ತಕ್ಕೆ ಮೊದಲೇ ಮುಗಿಯಬೇಕಾದ್ದರಿಂದ, ದೀಪ ಹಚ್ಚುವ ಹೊತ್ತಿಗೇ ಶಾಲೆಯ ಅಂಗಳ ತುಂಬಿತು. ನರ್ಸಮ್ಮ ಮಾತ್ರ ಬರಲಿಲ್ಲ. ಹೊಳೆಯಾಚೆ ಒಬ್ಬಳಿಗೆ ನೋವು ಶುರುವಾಗಿದೆ, ನಾಟಕ ನೋಡುತ್ತಾ ಕೂರಲು ಬಿಡುವಿಲ್ಲ ಎಂದು ಹೇಳಿ ಹೋಗಿದ್ದರು.

ಮೊದಲಿನ ಮೂರು ದೃಶ್ಯಗಳಲ್ಲಿ ಧರ್ಣಪ್ಪ ಬಹಳ ಚೆನ್ನಾಗಿ ಅತ್ತ. ಸಭೆ ಅಳಲಿಲ್ಲ. ಮಕ್ಕಳು ನಿದ್ದೆ ಹೋದವು. ಗಂಡಸರು ಒಬ್ಬೊಬ್ಬರೇ ಎದ್ದು ನೆಲಗಡಲೆಯವನ ಕಡೆಗೆ ಸರಿದರು. ಬಲ್ಲಾಳರು ಸುಖವಾಗಿ ಎಲೆ ಅಡಿಕೆ ಹಾಕುತ್ತಿದ್ದರು. ರಂಗದ ಮೇಲೆ ಅಳುತ್ತಿರುವವಳಿಗೂ ತಮ್ಮನ್ನು ಹೊರಗಟ್ಟಿದ ಶಂಕರಿಗೂ ಸಂಬಂಧ ಉಂಟೆಂದು ಅವರಿಗಾಗಲಿ, ಯಾರಿಗೇ ಆಗಲಿ ಹೊಳೆಯುವಂತೆಯೇ ಇರಲಿಲ್ಲ. ಹೆಂಗಸರು ಕೂತ ಕಡೆ ಯಶೋಧಾ ನನ್ನ ತಾಯಿಯ ಪಕ್ಕದಲ್ಲಿದ್ದಳು. ಪರದೆಯ ಸಂದಿಯಿಂದ ಅವಳ ಮುಖ ಕಾಣುತ್ತಿತ್ತು. ಆ ಮುಖ ನೋಡಿ ನಾಟಕ ಸೋತಿತೆಂದು ನನಗೆ ಖಂಡಿತವಾಯಿತು.

ನಾಲ್ಕನೆಯದು ಹೆರಿಗೆಯ ದೃಶ್ಯ. ಅಡ್ಡ ಕಟ್ಟಿದ ಸೀರೆಯ ಹಿಂದೆ ಹೆರುವವಳು. ಮುಂದೆ ಜರಿ ಶಾಲು ಹೊದ್ದ ಯಜಮಾನ ಸುಲೈಮಾನ್. ನರ್ಸ್ ಹೊರಗೆ ಹೋಗಲು ಹೇಳಬೇಕು, ಅವನು ತಲೆ ತಗ್ಗಿಸಿ ಹೋಗಬೇಕು. ಧರ್ಣಪ್ಪ ಕೈಮುಗಿದು ಮಾಸ್ಟ್ರ ಮಾತು ಹೇಳಿದ:

"ಪೂಜ್ಯರೇ, ಪ್ರಸವವೇದನೆಯ ಈ ಪವಿತ್ರ ಮುಹೂರ್ತದಲ್ಲಿ ತಾವು ಇಲ್ಲಿಂದ ನಿರ್ಗಮಿಸುವ ಕೃಪೆ ಮಾಡಬೇಕು."

ಸುಲೈಮಾನ್ ಹೋಗಲಿಲ್ಲ. ಅಷ್ಟು ಜನರನ್ನು ಒಟ್ಟಿಗೆ ಎದುರಿನಿಂದ ಅವನು ನೋಡಿದ್ದು ಅದೇ ಮೊದಲು. ಗ್ಯಾಸ್‌ಲೈಟಿನ ಬೆಳಕಿನಲ್ಲಿ ಶಾಲು ಹೊಳೆಯುತ್ತಿತ್ತು. ಅವನು ಸಭೆಯ ಕಡೆಗೆ ಮುಖ ಮಾಡಿ, ಫೋಟೋಕ್ಕೆ ನಿಂತವನ ಹಾಗೆ ನಿಂತುಬಿಟ್ಟ. ನಾನು ಬದಿಯಿಂದ ಪಿಸುಗುಟ್ಟಿದೆ. ಧರ್ಣಪ್ಪ ಅದೇ ಮಾತನ್ನು ಇನ್ನೊಮ್ಮೆ, ಸ್ವಲ್ಪ ದೊಡ್ಡದಾಗಿ ಹೇಳಿದ. ಇಲ್ಲ. ಬಸ್ಸಿನ ಬಾಗಿಲಿಗೆ ಅಡ್ಡ ನಿಂತವರನ್ನು ದಿನಕ್ಕೆ ನೂರು ಸಲ ಒಳಗೆ ತಳ್ಳುವ ಮನುಷ್ಯನಿಗೆ ತಾಳ್ಮೆ ಎಷ್ಟು ಇದ್ದೀತು? ಅವನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ. ಕೈಯನ್ನು ಬಾಗಿಲ ಕಡೆಗೆ ಚಾಚಿದ.

"ಪಿದಾಯಿ ಪೋಲೆ."

ಆ ದನಿ ಧರ್ಣಪ್ಪನದ್ದಲ್ಲ. ನೆಲಗಡಲೆಯವನ ಕಡೆಗೆ ಹೋದವರು ತಿರುಗಿ ನೋಡಿದರು. ಮುಂದಿನದ್ದೆಲ್ಲ ತುಳುವಿನಲ್ಲಿ ನೀರಿನ ಹಾಗೆ ಬಂತು. ಹೆರುವುದು ನೀವಾ ಅವಳಾ? ಒಲೆಗೆ ಬೆಂಕಿ ಹಾಕಲು ಬೆಳಿಗ್ಗೆ ಹೇಳಿ ಹೋದದ್ದು, ಈಗ ನೋಡಿದರೆ ಬೂದಿ ಉಂಟು. ಈ ಬಟ್ಟೆಯಲ್ಲಿ ಮಗುವನ್ನು ಸುತ್ತುವುದಾ, ಎಮ್ಮೆ ಉಜ್ಜುವುದಾ? ಶಾಲು ಹೊದ್ದು ನಿಂತರೆ ಮಗು ಬರ್ತದಾ, ಅದಕ್ಕೆ ಶಾಲಿನ ಆಸೆ ಉಂಟಾ? ನಡೆಯಿರಿ, ನೀರು ತನ್ನಿ.

ನರ್ಸಮ್ಮ ವಾರಕ್ಕೆ ನಾಲ್ಕು ದಿನ ಧರ್ಣಪ್ಪನ ಬಸ್ಸಿನಲ್ಲಿ ಹೋಗುತ್ತಿದ್ದವರು. ದಾರಿಯುದ್ದಕ್ಕೂ ಬೈಸಿಕೊಂಡವನಿಗೆ ಬಾಯಿಪಾಠ ಬೇಕಿರಲಿಲ್ಲ.

ಮೊದಲು ನಕ್ಕದ್ದು ಹೆಂಗಸರ ಕಡೆಯಿಂದ. ಯಾರೋ ಒಬ್ಬಳು, ಖದೀಜಳೇ ಇರಬೇಕು, "ಇದು ನಮ್ಮ ನರ್ಸಮ್ಮ ಅಲ್ವಾ" ಅಂದಳು. ಆಮೇಲೆ ಅಂಗಳಕ್ಕೆ ಅಂಗಳವೇ ಹೊರಳಾಡಿ ನಕ್ಕಿತು. ಒಬ್ಬಳು ಅಜ್ಜಿ ಎದ್ದು ನಿಂತು, ನನ್ನ ಮಗಳ ಹೆರಿಗೆಗೂ ಹೀಗೆಯೇ ಬೈದದ್ದು, ಆ ದಿನ ಅವರು ಬಾರದೆ ಇದ್ದಿದ್ದರೆ ಮಗಳು ಇರುತ್ತಿರಲಿಲ್ಲ ಎಂದು ರಂಗದ ಮೇಲಿನ ಧರ್ಣಪ್ಪನಿಗೇ ಹೇಳತೊಡಗಿದಳು. ಹೇಳುತ್ತಾ ಅತ್ತಳು. ಅವಳನ್ನು ನೋಡಿ ಬೇರೆಯವರು ಕಣ್ಣೊರೆಸಿಕೊಂಡರು. ಒಂದು ಮನೆಯವರು ಬಾಯಿ ತೆರೆದ ಮೇಲೆ ಉಳಿದ ಮನೆಯವರು ಸುಮ್ಮನಿರುವುದು ಹೇಗೆ? ಮಾಸ್ಟ್ರು ನನ್ನ ಪಕ್ಕದಲ್ಲಿ ತಲೆಗೆ ಕೈಹೊತ್ತು ಕೂತಿದ್ದರು. ಪಾತ್ರದ ಘನತೆ ಹೋಯಿತು ಎಂಬುದು ಅವರ ದುಃಖ. ಅವರಿಗೆ ಸಭೆಯನ್ನು ತೋರಿಸಿದೆ. ನೋಡಿದರು. ಮೆಲ್ಲನೆ ನನ್ನ ಕೈಯಿಂದ ನಾಟಕದ ಪ್ರತಿ ತೆಗೆದುಕೊಂಡು ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. ತಾನು ಬರೆದದ್ದನ್ನು ಹಾಗೆ ಬಿಟ್ಟುಕೊಟ್ಟ ಸಾಹಿತಿಯನ್ನು ನಾನು ಮತ್ತೆ ಕಂಡಿಲ್ಲ.

ಈಗ ಎಲ್ಲರ ಕಣ್ಣು ಬಲ್ಲಾಳರ ಬೆನ್ನಿನ ಮೇಲೆ. ಅವರು ಎದ್ದು ನಿಂತರು. ಎದ್ದು ಹೋಗುತ್ತಾರೆ ಎಂದೇ ನಾನು ತಿಳಿದೆ. ಆದರೆ ಅವರು ತಿರುಗಿ ಸಭೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ಎಷ್ಟು ಓಟು ಎಲ್ಲಿ ಕೂತಿದೆ ಎಂದು ಲೆಕ್ಕ ಹಾಕಿದರೋ, ಮೊಮ್ಮಗನ ನೆನಪಾಯಿತೋ, ಎರಡೂ ಇರಬಹುದು. "ಮಾನ್ಯ ಸಭಿಕರೇ" ಎಂದು ಕನ್ನಡದಲ್ಲಿ ಶುರು ಮಾಡಿದವರು ಅಲ್ಲೇ ನಿಲ್ಲಿಸಿ ತುಳುವಿಗೆ ಇಳಿದರು.

"ಅವರು ಹೊರಗೆ ಹಾಕಿದ್ದು ನನ್ನನ್ನೇ. ಮತ್ತೆಂತ? ನಾನು ಹೊರಗೆ ಹೋದೆ, ಮೊಮ್ಮಗ ಹೊರಗೆ ಬಂದ. ಅಂಥವರನ್ನು ಈ ಊರಿನಿಂದ ಕಳಿಸುವವರು ಯಾರು ಅಂತ ನಾನೂ ನೋಡ್ತೇನೆ."

ಕಳಿಸುವವರು ಯಾರು ಎಂದು ಆ ಅಂಗಳದಲ್ಲಿ ಎಲ್ಲರಿಗೂ ಗೊತ್ತಿತ್ತು. ಅದನ್ನು ನೆನಪಿಸುವಷ್ಟು ಮರ್ಯಾದೆಗೇಡಿ ಒಬ್ಬನೂ ಇರಲಿಲ್ಲ. ಚಪ್ಪಾಳೆ ಬಿತ್ತು. ವಾರದೊಳಗೆ ಅವರೇ ಬೆಳ್ತಂಗಡಿಗೆ ಹೋಗಿ ದೂರು ಹಿಂದೆ ತೆಗೆದುಕೊಂಡರು. ವರ್ಗ ರದ್ದಾಯಿತು. ಚುನಾವಣೆಯ ಭಾಷಣಗಳಲ್ಲಿ ಅವರು ರಸ್ತೆ, ಹಳ್ಳ ದಾಟುವ ಕಾಲುಸಂಕಗಳ ಮಾತಿಗೆ ಮೊದಲು ನರ್ಸಮ್ಮನಿಂದ ಬೈಸಿಕೊಂಡ ಕಥೆ ಹೇಳುತ್ತಿದ್ದರು. ಪ್ರತಿ ಊರಿನಲ್ಲೂ ಬೈಗುಳ ಸ್ವಲ್ಪ ಉದ್ದವಾಗುತ್ತಿತ್ತು. ಗೆದ್ದರು. ಅಷ್ಟರಲ್ಲಿ ಊರಿನಲ್ಲಿ ನರ್ಸಮ್ಮನಿಂದ ಬೈಸಿಕೊಳ್ಳದವರು ತಮಗೇನೋ ಕಡಿಮೆಯಾಯಿತು ಎಂಬಂತೆ ಓಡಾಡುತ್ತಿದ್ದರು. ತಾನು ಬೇಕೆಂದೇ ರಂಗದ ಮೇಲೆ ನಿಂತದ್ದು ಎಂದು ಸುಲೈಮಾನ್ ಈಗಲೂ ಹೇಳುತ್ತಾನೆ. ನಾನು ಅಲ್ಲವೆಂದು ಹೇಳಿಲ್ಲ. ಬಲ್ಲಾಳರ ಮನಸ್ಸಿನಲ್ಲಿ ಏನಿತ್ತೆಂದೂ ನಾನು ಕೆದಕಲು ಹೋಗಿಲ್ಲ. ನರ್ಸಮ್ಮ ಉಳಿದರು. ಇಬ್ಬರಿಗೂ ನಾನು ಋಣಿ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ನಾಟಕದ ಮರುದಿನವೇ ಧರ್ಣಪ್ಪ ಬಸ್ಸಿನಲ್ಲಿ ನರ್ಸಮ್ಮನಿಗೆ ಎಲ್ಲವನ್ನೂ ಹೆಮ್ಮೆಯಿಂದ ಹೇಳಿಬಿಟ್ಟಿದ್ದ. ಅವರು ಕೇಳಿದ್ದು ಒಂದೇ ಪ್ರಶ್ನೆಯಂತೆ.

"ಜನ ನಗಾಡಿದ್ರಾ?"

ಹೊಟ್ಟೆ ಹುಣ್ಣಾಗುವಷ್ಟು ಎಂದ ಅವನು. ನರ್ಸಮ್ಮ ಪೆಟ್ಟಿಗೆಯನ್ನು ತೊಡೆಯ ಮೇಲೆ ಎಳೆದುಕೊಂಡು ಕಿಟಕಿಯ ಕಡೆಗೆ ತಿರುಗಿದರು. ಬಸ್ಸು ಅವರ ಸ್ಟಾಪನ್ನು ದಾಟಿ ಮುಂದೆ ನಿಂತಾಗಲೂ ಬೈಯಲಿಲ್ಲ. ಧರ್ಣಪ್ಪನಿಗೆ ಅದು ವಿಚಿತ್ರವಾಗಿ ಕಂಡಿತಂತೆ, ಆದರೆ ಕಾರಣ ಹೊಳೆಯಲಿಲ್ಲ.

ಆ ಮೇಲೆ ನರ್ಸಮ್ಮ ಮೃದುವಾದರು. ಗಂಡಂದಿರಿಗೆ ನಮಸ್ಕಾರ ಹೇಳತೊಡಗಿದರು, ಅತ್ತೆಯರಿಗೆ ಅಮ್ಮ ಎನ್ನತೊಡಗಿದರು. ಮಾತು ಕೂಡ ಶಾಲೆಯ ಕನ್ನಡ. ಸುಲೈಮಾನನ ನಾದಿನಿ ರುಕಿಯಾಳ ಹೆರಿಗೆಗೆ ಬಂದು "ಹೆದರಬೇಡ ಮಗಳೇ, ಎಲ್ಲ ಒಳ್ಳೆಯದಾಗುತ್ತದೆ" ಅಂದರಂತೆ. ಅಷ್ಟು ಕೇಳಿ ಮನೆಯವರೆಲ್ಲ ಅಳಲು ಶುರು ಮಾಡಿದರು, ಹುಡುಗಿ ಬದುಕುವ ಆಸೆಯನ್ನು ನರ್ಸಮ್ಮ ಬಿಟ್ಟಿದ್ದಾರೆ ಎಂದು. ಹೆರಿಗೆ ಸಲೀಸಾಗಿಯೇ ಆಯಿತು. ಆದರೆ ಸುದ್ದಿ ಊರಿಡೀ ಹರಡಿತು. ನರ್ಸಮ್ಮ ಒಳ್ಳೆಯ ಮಾತಾಡಿದರೆ ಬಸುರಿಯರ ಕೈಕಾಲು ತಣ್ಣಗಾಗುತ್ತಿತ್ತು.

ಯಶೋಧಾಳಿಗೆ ನೋವು ಬಂದದ್ದು ಚೈತ್ರದ ಒಂದು ಬೆಳಿಗ್ಗೆ. ನರ್ಸಮ್ಮ ಬಂದರು. ಚಾವಡಿಯಲ್ಲಿ ನನ್ನನ್ನು ಕಂಡು "ಚಂದ್ರರಾಜರೇ, ತಾವು ಚಿಂತೆ ಮಾಡಬಾರದು" ಎಂದರು. ನನಗೆ ಚಿಂತೆ ಶುರುವಾದದ್ದೇ ಆಗ. ಒಳಗೆ ಅವರ ಮೆಲುದನಿ, ನನ್ನ ತಾಯಿಯ ದನಿ. ಬಹಳ ಹೊತ್ತಾಯಿತು. ಬಿಸಿಲು ಅಂಗಳಕ್ಕೆ ಇಳಿಯಿತು. ತಾಯಿ ಹೊರಗೆ ಬಂದು, ಯಶೋಧಾ ಕರೆಯುತ್ತಿದ್ದಾಳೆ ಎಂದರು. ಬಾಗಿಲ ಸಂದಿಯಿಂದ ನೋಡಿದೆ. ಮುಖ ಬಿಳಿಚಿತ್ತು, ಹಲ್ಲು ಕಚ್ಚಿಕೊಂಡು ಮೈ ಬಿಗಿ ಹಿಡಿದಿದ್ದಳು.

"ಏನೋ ಆಗಿದೆ," ಅಂದಳು. "ಇವರು ನನಗೆ ಹೇಳ್ತಾ ಇಲ್ಲ. ಹೋದ ಸಲದ ಹಾಗೆಯೇ ಉಂಟು."

ನರ್ಸಮ್ಮ ಬಿಸಿನೀರಿಗೆಂದು ಹೊರಗೆ ಬಂದಾಗ ನಾನು ಅವರ ಎದುರು ನಿಂತೆ. ಹೇಗೆ ಹೇಳುವುದೆಂದು ತಿಳಿಯದೆ, ದಯವಿಟ್ಟು ಅವಳಿಗೆ ಬೈಯಿರಿ ಎಂದೆ.

ಅವರ ಕಣ್ಣು ಕೆಂಪಾಯಿತು. "ಎಂತಕ್ಕೆ? ಮತ್ತೊಂದು ನಾಟಕ ಮಾಡಿ ನಗಾಡ್ಲಿಕ್ಕಾ?"

"ನಗಾಡಿದ್ದು ಹೌದು," ಅಂದೆ. "ಅತ್ತದ್ದೂ ಉಂಟು. ಅದನ್ನು ಧರ್ಣಪ್ಪ ನಿಮಗೆ ಹೇಳಲಿಲ್ಲ. ನೀವು ಬೈದದ್ದನ್ನು ಒಬ್ಬೊಬ್ಬರೂ ಎದ್ದು ನಿಂತು ಹೇಳಿದರು ನರ್ಸಮ್ಮ, ಪ್ರಾಣ ಉಳಿದ ಲೆಕ್ಕದಲ್ಲಿ. ನೀವು ಬೈತಾ ಇದ್ದರೆ ಎಲ್ಲ ಸರಿ ಉಂಟು ಅಂತ ಇಲ್ಲಿಯವರು ತಿಳಿದುಕೊಂಡಿದ್ದಾರೆ. ಅವಳು ಒಳಗೆ ಅದಕ್ಕೇ ಕಾಯ್ತಾ ಇದ್ದಾಳೆ."

ಅವರು ನನ್ನನ್ನು ನೋಡಿದರು. ಆಮೇಲೆ ಎಲ್ಲೋ ದೂರ, ಹೊಳೆಯ ಕಡೆಗೆ ನೋಡಿದರು. ಸೆರಗಿನಿಂದ ಮುಖ ಒರೆಸಿಕೊಂಡರು. ಮತ್ತೆ ತಿರುಗಿದಾಗ ಮಾತು ತುಳುವಾಗಿತ್ತು.

"ಹಾಗಾದ್ರೆ ಇಲ್ಲಿ ಬಾಗಿಲಿಗೆ ಅಡ್ಡ ನಿಂತು ಭಾಷಣ ಎಂತಕ್ಕೆ? ಬಲ್ಲಾಳ್ರ ಹಾಗೆ ನಿಮಗೂ ಓಟು ಬೇಕಾ? ಆ ನೀರು ಕುದಿದು ಎಷ್ಟು ಹೊತ್ತಾಯ್ತು, ಅದು ತಾನೇ ನಡೆದುಕೊಂಡು ಬರ್ತದಾ?"

ನಾನು ನೀರು ತಂದೆ. ಅದು ಜಾಸ್ತಿಯಾಯಿತೆಂದು ಬೈದರು. ನನ್ನ ತಾಯಿಗೆ ಕಿಟಕಿ ಮುಚ್ಚಿದ್ದಕ್ಕೆ ಬೈದರು. ಯಶೋಧಾಳಿಗೆ ಉಸಿರು ಬಿಗಿ ಹಿಡಿದದ್ದಕ್ಕೆ ಬೈದದ್ದು ಬೀದಿಯ ತನಕ ಕೇಳಿಸಿರಬೇಕು. ಬಾಗಿಲು ಮುಚ್ಚುವ ಮೊದಲು ಕಂಡೆ, ಹೆಂಡತಿಯ ಮುಖಕ್ಕೆ ಬಣ್ಣ ಮರಳಿತ್ತು, ಹೆಗಲು ಸಡಿಲವಾಗಿತ್ತು, ತುಟಿಯಲ್ಲಿ ನಗುವಿನ ಹಾಗೆ ಏನೋ ಇತ್ತು.

ಚಾವಡಿಯ ಮೆಟ್ಟಿಲಲ್ಲಿ ಕೂತೆ. ಒಳಗಿನ ಬೈಗುಳ ಏರಿತು, ಇಳಿಯಿತು, ಮತ್ತೆ ಏರಿತು. ಒಮ್ಮೆ ಪೂರ್ತಿ ನಿಂತಾಗ ನಾನು ಎದ್ದು ನಿಂತುಬಿಟ್ಟೆ. ಆಮೇಲೆ ನರ್ಸಮ್ಮ ಮತ್ತೆ ಶುರು ಮಾಡಿದರು. ಈ ಸಲ ಯಶೋಧಾಳಿಗಲ್ಲ, ನನ್ನ ತಾಯಿಗೂ ಅಲ್ಲ. ಇಷ್ಟು ಹೊತ್ತು ಅಲ್ಲಿ ಎಂತ ಮಾಡ್ತಾ ಇದ್ದಿ, ತಾಯಿಗೆ ಎಷ್ಟು ಕಷ್ಟ ಕೊಟ್ಟಿ, ಬಾಯಿ ಇಲ್ವಾ ನಿನಗೆ ಎಂದು ಯಾರನ್ನೋ ವಿಚಾರಿಸಿಕೊಳ್ಳುತ್ತಿದ್ದರು. ಅದಕ್ಕೆ ಎದುರುತ್ತರ ಕೊಟ್ಟ ಹಾಗೆ, ಒಂದು ಸಣ್ಣ ಒರಟು ಅಳು ಕೇಳಿಸಿತು.